ಬೆಟ್ಟಗಳಿಗೆ ಲೆಕ್ಕ ಬರೆದ ಸರ್ ಹ್ಯೂ ಮನ್ರೋ

ಚೆನ್ನೈ ನಗರದಲ್ಲಿರುವ ನಮ್ಮ ವಾಚಕರು ಮೌಂಟ್ ರಸ್ತೆಯಿಂದ ಕೋಟೆಯ ಕಡೆಗೆ ಹೋಗುವಾಗ, ಐಲೆಂಡ್ ಮೈದಾನದ ಬಳಿ ಕುದುರೆಯೇರಿ ಕುಳಿತ ಒಬ್ಬ ಸಾಹೇಬನ ಕಂಚಿನ ವಿಗ್ರಹವನ್ನು ನೋಡಿಯೇ ಇರುತ್ತಾರೆ. ಕುದುರೆಗೆ ರಿಕಾಪುಗಳಿಲ್ಲವೆಂಬ ಕಾರಣದಿಂದ ಆ ವಿಗ್ರಹವು ಜನರ ಬಾಯಲ್ಲಿ ಪ್ರಸಿದ್ಧವಾಗಿದೆ. ಅವನೇ ಸರ್ ಥಾಮಸ್ ಮನ್ರೋ. ಕರಾವಳಿಯ ಊರುಗಳಿಂದ ಹೊರಟು ಪರಸ್ಥಳಗಳ ಹೋಟೆಲುಗಳಲ್ಲಿ ದುಡಿಯುತ್ತಿರುವ ನಮ್ಮವರಿಗೆ ಈ ಹೆಸರು ತೀರ ಅಪರಿಚಿತವಾಗಿರಲಾರದು. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ತರುವಾಯ ಕೆನರಾ ಸೀಮೆಗೆ ಕಲೆಕ್ಟರನಾಗಿ ಬಂದವನು ಆತನು. ಮುಂದೆ ಬಳ್ಳಾರಿಯೇ ಮೊದಲಾದ ಸೀಮೆಗಳಲ್ಲಿ ಏಳು ವರ್ಷ ನಿಂತು, ಹೊಲಹೊಲವನ್ನೂ ಅಳೆಯಿಸಿ, ನಡುವೆ ಜಮೀನ್ದಾರನಿಲ್ಲದೆ ರೈತನೊಡನೆಯೇ ಕಂದಾಯದ ಕರಾರು ಮಾಡಿಕೊಳ್ಳುವ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದವನೂ ಆತನೇ. ಮದರಾಸಿನ ಗವರ್ನರನಾಗಿದ್ದಾಗ 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನು.

ನಾವು ಇಂದು ಹೇಳಹೊರಟಿರುವುದು ಈತನ ಮೊಮ್ಮಗನ ಕಥೆ. ಅಜ್ಜನು ನಮ್ಮ ಹೊಲಗಳಿಗೆ ಲೆಕ್ಕ ಬರೆಯಿಸಿದನು. ಮೊಮ್ಮಗನು ತನ್ನ ನಾಡಿನ ಬೆಟ್ಟಗಳಿಗೆ ಲೆಕ್ಕ ಬರೆದನು. ಅಜ್ಜನ ಲೆಕ್ಕದಿಂದ ಕಂಪೆನಿಯ ಬೊಕ್ಕಸ ತುಂಬಿತು. ಮೊಮ್ಮಗನ ಲೆಕ್ಕದಿಂದ ಯಾರಿಗೂ ಒಂದು ಕಾಸಿನ ವರಮಾನವಿರಲಿಲ್ಲ. ಆದರೂ ಇಂದು ಸ್ಕಾಟ್ಲೆಂಡಿನಲ್ಲಿ ಮನ್ರೋ ಎಂಬ ಮಾತನ್ನಾಡಿದರೆ ಗವರ್ನರನನ್ನು ನೆನೆಯುವವರು ವಿರಳ. ಅಲ್ಲಿ ಮನ್ರೋ ಎಂದರೆ ಮೂರು ಸಾವಿರ ಅಡಿಗೆ ಮೀರಿದ ಬೆಟ್ಟ ಎಂದು ಅರ್ಥ. ಮನುಷ್ಯನ ಹೆಸರು ಬೆಟ್ಟದ ಜಾತಿಗೇ ಹೆಸರಾಗಿ ನಿಂತಿದೆ. ಇದು ಹೇಗಾಯಿತೆಂಬುದು ಕೇಳತಕ್ಕ ವೃತ್ತಾಂತ.

ಹ್ಯೂ ಥಾಮಸ್ ಮನ್ರೋ 1856ನೆಯ ಅಕ್ಟೋಬರ್ 16ರಂದು ಲಂಡನ್ನಿನಲ್ಲಿ ಹುಟ್ಟಿದನು. ಅಜ್ಜನು ತೀರಿಕೊಂಡು ಆಗಲೇ ಇಪ್ಪತ್ತೊಂಬತ್ತು ವರ್ಷಗಳಾಗಿದ್ದುವು. ಅಜ್ಜನಿಗೆ ದೊರೆತಿದ್ದ ಬ್ಯಾರೊನೆಟ್ ಎಂಬ ವಂಶಪಾರಂಪರ್ಯದ ಬಿರುದು ದೊಡ್ಡಪ್ಪನಿಗೆ ಹೋಗಿ, ಅಲ್ಲಿಂದ ತಂದೆಗೆ ಬಂದು, ಕಡೆಗೆ 1913ರಲ್ಲಿ ಈತನಿಗೆ ಬಂದಿತು. ಕುಟುಂಬದ ಜಮೀನು ಸ್ಕಾಟ್ಲೆಂಡಿನ ಆಂಗಸ್ ಸೀಮೆಯಲ್ಲಿ, ಕಿರಿಮ್ಯೂರ್ ಎಂಬ ಪೇಟೆಗೆ ಸಮೀಪದ ಲಿಂಡರ್ಟಿಸ್ ಎಂಬಲ್ಲಿ ಇದ್ದಿತು. ಉತ್ತರಕ್ಕೆ ಕಣ್ಣೆತ್ತಿದರೆ ಬೆಟ್ಟದ ಸಾಲು. ಹುಡುಗನು ಬೆಳೆದದ್ದು ಲಂಡನ್ನು ಮತ್ತು ಲಿಂಡರ್ಟಿಸ್ ಈ ಎರಡರ ನಡುವೆ. ಚಿಪ್ಪು, ಚಿಟ್ಟೆ, ಪಕ್ಷಿಗಳ ಮೊಟ್ಟೆ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕೂಡಿಡುವ ಹುಚ್ಚು ಎಳೆತನದಲ್ಲೇ ಹತ್ತಿತ್ತು ಎನ್ನುತ್ತಾರೆ. ಮುಂದೆ ಬೆಟ್ಟಗಳನ್ನು ಕೂಡಿಹಾಕಿದವನಿಗೆ ಇದು ಒಪ್ಪುವ ಮಾತೇ ಸರಿ.

ಹದಿನೇಳನೆಯ ವಯಸ್ಸಿನಲ್ಲಿ ಜರ್ಮನ್ ಭಾಷೆ ಕಲಿಯಲೆಂದು ಅವನನ್ನು ಷ್ಟುಟ್‌ಗಾರ್ಟಿಗೆ ಕಳುಹಿಸಿದರು. ಅಲ್ಲಿಂದ ಆಲ್ಪ್ಸ್ ಪರ್ವತಗಳಿಗೆ ಹೋಗಿ ಬಂದನು. ಬೆಟ್ಟದ ರುಚಿ ಹತ್ತಿತು. ಬಳಿಕ ಲಂಡನ್ನಿನಲ್ಲಿ ವ್ಯಾಪಾರದ ಕೆಲಸ ಕಲಿಯಲು ಕುಳಿತಾಗ ಎದೆಯ ರೋಗ ಕಾಡಿತು. ಹವೆ ಬದಲಾವಣೆಗೆಂದು 1880ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋಗಿ, ನಟಾಲಿನ ಗವರ್ನರನಾಗಿದ್ದ ಸರ್ ಜಾರ್ಜ್ ಕಾಲಿಯ ಖಾಸಗಿ ಕಾರ್ಯದರ್ಶಿಯಾದನು; ಬಸೂಟೋ ಜನರ ಮೇಲೆ ನಡೆದ ಯುದ್ಧದಲ್ಲಿ ಸವಾರನಾಗಿಯೂ ಇದ್ದನು. ಹುಟ್ಟುನೆಲವನ್ನು ಕಾಯಲು ನಿಂತ ಜನರ ಮೇಲೆ ಹೂಡಿದ ಆ ಯುದ್ಧವನ್ನು ಹೊಗಳುವ ಇಚ್ಛೆ ನಮಗಿಲ್ಲ. 1885ರಲ್ಲಿ ಸಂಪ್ರದಾಯವಾದಿ ಪಕ್ಷದ ಪರವಾಗಿ ಕರ್ಕಾಲ್ಡಿಯಿಂದ ಪಾರ್ಲಿಮೆಂಟಿಗೆ ನಿಂತು ಸೋತನು. ಆ ಕ್ಷೇತ್ರದಲ್ಲಿ ಅವನ ಪಕ್ಷಕ್ಕೆ ಗೆಲ್ಲುವ ಆಸೆಯೇ ಇರಲಿಲ್ಲ. ಸೋತದ್ದು ಒಳ್ಳೆಯದಾಯಿತೆಂದು ನಮಗೆ ತೋರುತ್ತದೆ.

ಇಲ್ಲಿ ಸ್ಕಾಟ್ಲೆಂಡಿನ ಬೆಟ್ಟಗಳ ವಿಷಯವಾಗಿ ನಾಲ್ಕು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಮೂರು ಸಾವಿರ ಅಡಿಯೆಂದರೆ 914 ಮೀಟರು. ನಮ್ಮ ಬೆಂಗಳೂರು ಪಟ್ಟಣವೇ ಹೆಚ್ಚುಕಡಮೆ ಅಷ್ಟು ಎತ್ತರದಲ್ಲಿದೆ! ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುವವನು ಒಂದು ಲೆಕ್ಕದಲ್ಲಿ ಮನ್ರೋ ಏರಿದವನೇ. ಆ ನಾಡಿನ ಅತ್ಯುನ್ನತ ಶಿಖರವಾದ ಬೆನ್ ನೆವಿಸ್ 1,345 ಮೀಟರು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರು. ಹಾಗಾದರೆ ಅದೇನು ದೊಡ್ಡ ಸಾಹಸವೆಂದು ವಾಚಕರು ಕೇಳಬಹುದು. ಆದರೆ ಬೆಂಗಳೂರಿನವನು ಎತ್ತರದಲ್ಲೇ ಎದ್ದು ಕಾಫಿ ಕುಡಿಯುತ್ತಾನೆ. ಅಲ್ಲಿಯವನು ಬಹುತೇಕ ಸಮುದ್ರದ ಮಟ್ಟದಿಂದಲೇ ಹೆಜ್ಜೆಯಿಡಬೇಕು. ಆ ನಾಡು ಭೂಮಧ್ಯರೇಖೆಯಿಂದ ಬಲು ದೂರ, 57ನೆಯ ಅಕ್ಷಾಂಶದ ಆಸುಪಾಸಿನಲ್ಲಿದೆ. ಡಿಸೆಂಬರಿನಲ್ಲಿ ಹಗಲೆಂಬುದು ಏಳು ಗಂಟೆಗೂ ಕಡಮೆ. ಅಟ್ಲಾಂಟಿಕ್ ಸಾಗರದ ಗಾಳಿ ಯಾವ ಅಡ್ಡಿಯೂ ಇಲ್ಲದೆ ಬಂದು ಬಡಿಯುತ್ತದೆ. 1883ರಿಂದ 1904ರವರೆಗೆ ಬೆನ್ ನೆವಿಸ್‌ನ ನೆತ್ತಿಯಲ್ಲಿ ಒಂದು ಹವಾಮಾನ ವೀಕ್ಷಣಾಲಯವಿದ್ದಿತು. ಅಲ್ಲಿಯ ನೌಕರರು ಹಗಲಿರುಳೂ ಗಂಟೆಗೊಮ್ಮೆ ಅಳತೆ ಬರೆದುಕೊಳ್ಳುತ್ತಿದ್ದರು. ವರ್ಷದ ಸರಾಸರಿ ಶಾಖವು ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ತುಸು ಕೆಳಗೇ ಇದ್ದಿತೆಂದು ಅವರ ದಫ್ತರದಿಂದ ತಿಳಿಯುತ್ತದೆ. ನಮ್ಮ ಗುಮಾಸ್ತ ಬಂಧುಗಳು ಆ ಅಜ್ಞಾತ ಗುಮಾಸ್ತರಿಗೆ ಒಂದು ನಮಸ್ಕಾರ ಸಲ್ಲಿಸಬೇಕು.

ಇಂತಹ ಚಳಿ, ಮಳೆ, ಕೆಸರುಗಳಲ್ಲಿ ಸುಖವೆಲ್ಲಿಯದು? ಬಲ್ಲವರು ಹೇಳುವುದನ್ನು ಕೇಳಿದರೆ, ಸುಖವು ಆ ನಿರ್ಜನತೆಯಲ್ಲೇ ಇದೆ. ಕಣಿವೆಯ ತಳದಲ್ಲಿ ಮೊಣಕಾಲವರೆಗೆ ಹುಗಿಯುವ ಜೌಗು. ಅದನ್ನು ದಾಟಿದರೆ ಹೆದರ್ ಎಂಬ ನೇರಿಳೆ ಹೂವಿನ ಪೊದೆ. ಅದಕ್ಕೂ ಮೇಲೆ ಪಾಚಿ ಹಿಡಿದ ಬಂಡೆ. ಆ ಮೇಲೆ ಬರಿಯ ಕಲ್ಲು, ಗಾಳಿ, ಆಕಾಶ. ಚಳಿಗಾಲ ಬಂದರೆ ಅಚ್ಚಬಿಳುಪಾಗಿ ಹಿಮದೊಳಗೆ ಮರೆಯಾಗುವ ಟಾರ್ಮಿಗನ್ ಹಕ್ಕಿ ಕಾಲಬುಡದಿಂದ ಥಟ್ಟನೆ ಹಾರುತ್ತದೆ. ಅಕ್ಟೋಬರಿನಲ್ಲಿ ಕಣಿವೆಯಿಂದ ಕಣಿವೆಗೆ ಗಂಡು ಜಿಂಕೆಗಳ ಗರ್ಜನೆ ಮೊಳಗುತ್ತದೆ. ಕೆಲವು ದಿನ ಮೋಡವೆಲ್ಲ ಕೆಳಗೆ ಕುಳಿತು, ಶಿಖರಗಳು ಮಾತ್ರ ಹಾಲಿನ ಸಮುದ್ರದಲ್ಲಿ ದ್ವೀಪಗಳಂತೆ ಮೇಲೆದ್ದು ನಿಲ್ಲುತ್ತವೆ. ಬೆನ್ನಿಗೆ ಸೂರ್ಯನಿದ್ದು ಮುಂದೆ ಮಂಜಿದ್ದರೆ ನಡೆವವನ ನೆರಳೇ ಹಿರಿದಾಗಿ ಮಂಜಿನ ಮೇಲೆ ಬಿದ್ದು, ತಲೆಯ ಸುತ್ತ ಬಣ್ಣದ ಬಳೆ ಮೂಡುತ್ತದೆ. ದೇವರ ಪಟದ ಪ್ರಭಾವಳಿಯಂತಹ ಈ ಭಾಗ್ಯ ಯಾವ ಬಡಪಾಯಿಗಾದರೂ ಅಲ್ಲಿ ಲಭ್ಯ. 1894ರಲ್ಲಿ ಬೆನ್ ನೆವಿಸ್‌ನ ಆ ವೀಕ್ಷಣಾಲಯದಲ್ಲಿ ಎರಡು ವಾರ ಕೆಲಸಕ್ಕಿದ್ದ ಸಿ. ಟಿ. ಆರ್. ವಿಲ್ಸನ್ ಎಂಬ ತರುಣನು ಇದನ್ನು ಕಂಡು ಬೆರಗಾಗಿ, ಪ್ರಯೋಗಶಾಲೆಯಲ್ಲಿ ಕೃತಕ ಮೋಡವನ್ನು ಮಾಡಹೋಗಿ, ಪರಮಾಣುವಿನ ಕಣಗಳ ಜಾಡನ್ನು ತೋರಿಸುವ ಯಂತ್ರವನ್ನು ರಚಿಸಿ 1927ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಬೆಟ್ಟ ಏರಿದವರೆಲ್ಲ ಬರಿಗೈಯಲ್ಲಿ ಇಳಿಯುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಮನ್ರೋವಿನ ವಿಷಯಕ್ಕೆ ಬರೋಣ. 1889ರಲ್ಲಿ ಗ್ಲಾಸ್ಗೋ ಪಟ್ಟಣದಲ್ಲಿ ಸ್ಕಾಟಿಷ್ ಪರ್ವತಾರೋಹಣ ಸಂಘವು ಸ್ಥಾಪಿತವಾಯಿತು. ಅದಕ್ಕೆ ಕಾರಣನಾದವನು ವಿಲಿಯಂ ನೇಸ್ಮಿತ್ ಎಂಬ ಲೆಕ್ಕಿಗ. ಪತ್ರಿಕೆಗೆ ಅವನು ಬರೆದ ಒಂದು ಕಾಗದದಿಂದ ಎಲ್ಲವೂ ಮೊದಲಾಯಿತು. ಬೆಟ್ಟದ ನಡಿಗೆಗೆ ಎಷ್ಟು ಹೊತ್ತು ಹಿಡಿದೀತೆಂಬುದಕ್ಕೆ 1892ರಲ್ಲಿ ಅವನು ಹಾಕಿಕೊಟ್ಟ ಸೂತ್ರವನ್ನು ಜನ ಇಂದಿಗೂ ಬಳಸುತ್ತಾರೆ: ಮೂರು ಮೈಲಿ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ. ಆರು ಮೈಲಿ ನಡೆದು ಮೂರು ಸಾವಿರ ಅಡಿ ಏರಬೇಕಾದರೆ ಮೂರೂವರೆ ಗಂಟೆ. ಊಟ ತಿಂಡಿಗೆ ನಿಂತ ಹೊತ್ತು ಈ ಲೆಕ್ಕದಲ್ಲಿ ಸೇರಿಲ್ಲ. ಲೆಕ್ಕಿಗನ ಕೈಯಿಂದ ಬೇರಾವ ಸೂತ್ರ ಬಂದೀತು?

ಸಂಘದ ಮೊದಲ ಸದಸ್ಯರಲ್ಲಿ ಮನ್ರೋವೂ ಒಬ್ಬನು. ಸಂಘವು ಒಂದು ಪತ್ರಿಕೆಯನ್ನು ಹೊರಡಿಸಿತು. ನಾಡಿನಲ್ಲಿ ಮೂರು ಸಾವಿರ ಅಡಿಗೆ ಮೀರಿದ ಬೆಟ್ಟಗಳೆಷ್ಟು ಎಂಬ ಪ್ರಶ್ನೆ ಆಗ ಎದ್ದಿತು. ಅಂದಿನ ಕೈಪಿಡಿಗಳನ್ನು ತೆರೆದವರಿಗೆ ಸಿಗುತ್ತಿದ್ದ ಉತ್ತರ ಮೂವತ್ತರ ಆಸುಪಾಸು. ತಮ್ಮ ಮನೆಯ ಹಿತ್ತಲಲ್ಲಿ ಏನಿದೆಯೆಂದು ತಮಗೇ ತಿಳಿಯದಂತಹ ಸ್ಥಿತಿ! ಪಟ್ಟಿಯನ್ನು ಸಿದ್ಧಪಡಿಸುವ ಭಾರ ಮನ್ರೋವಿನ ಪಾಲಿಗೆ ಬಂದಿತು.

ಈ ಕೆಲಸದ ಕಷ್ಟವನ್ನು ಇಂದು ಊಹಿಸುವುದು ಸುಲಭವಲ್ಲ. ಸರಕಾರದ ಮೋಜಣಿ ನಕ್ಷೆಗಳಿದ್ದುವು. ಆದರೆ ದೂರದ ಎಷ್ಟೋ ಶಿಖರಗಳಿಗೆ ಎತ್ತರವನ್ನೇ ಬರೆದಿರಲಿಲ್ಲ, ಕೆಲವಕ್ಕೆ ಹೆಸರೂ ಇರಲಿಲ್ಲ. ಮನ್ರೋ ಒಂದೊಂದೇ ಹಾಳೆಯನ್ನು ಹರಡಿಕೊಂಡು ಸಮೋನ್ನತ ರೇಖೆಗಳನ್ನು ಶೋಧಿಸಿದನು. ಸಂಶಯವಿದ್ದಲ್ಲಿಗೆ ತಾನೇ ಹೋದನು. ಕೈಯಲ್ಲಿದ್ದ ಸಾಧನವೆಂದರೆ ಆನೆರಾಯ್ಡ್ ಎಂಬ, ಗಡಿಯಾರದಂತಹ ವಾಯುಭಾರ ಮಾಪಕ. ಮೇಲೇರಿದಂತೆ ಗಾಳಿಯ ಒತ್ತಡ ತಗ್ಗುತ್ತದೆ, ಮುಳ್ಳು ತಿರುಗುತ್ತದೆ, ಅದರಿಂದ ಎತ್ತರವನ್ನು ಲೆಕ್ಕ ಹಾಕಬೇಕು. ಆದರೆ ಮಳೆ ಬರುವ ಮುನ್ನವೂ ಒತ್ತಡ ತಗ್ಗುತ್ತದೆ. ಬೆಟ್ಟ ಏರಿದೆಯೋ ಹವೆ ಕೆಟ್ಟಿದೆಯೋ ಎಂಬುದು ಆ ಮುಳ್ಳಿಗೆ ಗೊತ್ತಾಗದು. ಆದುದರಿಂದ ಎತ್ತರ ತಿಳಿದಿರುವ ಸ್ಥಳದಲ್ಲಿ ಒಮ್ಮೆ ನೋಡಿ, ಶಿಖರದಲ್ಲಿ ಒಮ್ಮೆ ನೋಡಿ, ಇಳಿದ ಮೇಲೆ ಮತ್ತೊಮ್ಮೆ ನೋಡಿ ತಾಳೆಹಾಕಬೇಕು. ಅಂಗಡಿಯ ರೋಜು ಲೆಕ್ಕವನ್ನು ರಾತ್ರಿ ತಾಳೆಹಾಕಿ ಮಲಗುವವರಿಗೆ ಈ ಬಗೆಯ ನಿಷ್ಠೆ ಎಂತಹುದೆಂದು ಹೇಳಿಕೊಡಬೇಕಾಗಿಲ್ಲ.

1891ರ ಸೆಪ್ಟೆಂಬರಿನಲ್ಲಿ ಪಟ್ಟಿ ಪ್ರಕಟವಾಯಿತು. ಮೂರು ಸಾವಿರ ಅಡಿ ಮೀರಿದ ನೆತ್ತಿಗಳು ಒಟ್ಟು 538; ಅವುಗಳಲ್ಲಿ ಸ್ವತಂತ್ರ ಬೆಟ್ಟಗಳೆಂದು ಎಣಿಸತಕ್ಕವು 283. ಜನರು ಬೆರಗಾದರು. ಮೂವತ್ತೆಂದುಕೊಂಡದ್ದು ಇನ್ನೂರೆಂಬತ್ತಮೂರಾಯಿತು! ನೆತ್ತಿ ಯಾವುದು, ಬೆಟ್ಟ ಯಾವುದು ಎಂಬುದಕ್ಕೆ ಮನ್ರೋ ಇಷ್ಟೇ ಅಡಿಯ ತಗ್ಗಿರಬೇಕು, ಇಷ್ಟೇ ದೂರವಿರಬೇಕು ಎಂಬ ಕಟ್ಟುನಿಟ್ಟಿನ ನಿಯಮವನ್ನು ಬರೆದಿಡಲಿಲ್ಲ. ಒಂದೇ ಬೆನ್ನಿನ ಮೇಲೆ ಎರಡು ಗುಬುಟುಗಳಿದ್ದರೆ ಅದು ಒಂದು ಒಂಟೆಯೋ ಎರಡು ಒಂಟೆಯೋ ಎಂಬುದನ್ನು ಕಣ್ಣಂದಾಜಿನಿಂದಲೇ ತೀರ್ಮಾನಿಸಿದನು. ಈ ಸಡಿಲಿನಿಂದಾಗಿ ನೂರು ವರ್ಷಕ್ಕೂ ಮೇಲ್ಪಟ್ಟು ಅಲ್ಲಿಯ ಬೆಟ್ಟದ ಭಕ್ತರು ತರ್ಕ ಮಾಡುತ್ತಲೇ ಬಂದಿದ್ದಾರೆ. ನಿಯಮ ಬರೆದಿಟ್ಟಿದ್ದರೆ ಅವರ ಸಂಜೆಗಳು ಬರಡಾಗುತ್ತಿದ್ದುವು.

ಪಟ್ಟಿ ಬರೆದವನು ಮನೆಯಲ್ಲಿ ಕುಳಿತವನಲ್ಲ. 1894ರಿಂದ 1897ರವರೆಗೆ ಸಂಘದ ಅಧ್ಯಕ್ಷನಾಗಿದ್ದನು. ಅದಕ್ಕೂ ಮೊದಲು, ಆಮೇಲೂ ಕೂಟಗಳಿಗೆ ತಪ್ಪದೆ ಬರುತ್ತಿದ್ದನು. ಸ್ಕಾಟಿಷ್ ಪಹರಣೆಯಾದ ಕಿಲ್ಟು, ಬ್ಯಾಲ್ಮೋರಲ್ ಟೊಪ್ಪಿಗೆ, ಹಿಮದಲ್ಲಿ ಮೆಟ್ಟಿಲು ಕೊರೆಯುವ ಉದ್ದನೆಯ ಕೊಡಲಿ, ಇದು ಅವನ ವೇಷ. ಮಾತುಗಾರ, ಕೊಳಲು ನುಡಿಸಬಲ್ಲವನು. ಬಂಡೆಯ ಮೇಲೆ ಹಗ್ಗ ಕಟ್ಟಿಕೊಂಡು ತೂಗಾಡುವ ವಿದ್ಯೆಯಲ್ಲಿ ಅವನಿಗೆ ಹೆಚ್ಚಿನ ಆಸಕ್ತಿಯಿರಲಿಲ್ಲ. ಅವನ ಪ್ರೀತಿ ದೀರ್ಘವಾದ ನಡಿಗೆಯ ಮೇಲೆ. ಬೆಟ್ಟದ ಬೆನ್ನುಮೂಳೆಯ ಮೇಲೆ ಮೈಲಿಗಟ್ಟಲೆ ಸಾಗಿ, ಒಂದು ಕಣಿವೆಯಲ್ಲಿ ಏರಿ ಮತ್ತೊಂದು ಕಣಿವೆಯಲ್ಲಿ ಇಳಿಯುವುದು ಅವನ ರೀತಿ. ಅದರಲ್ಲೂ ಚಳಿಗಾಲವೆಂದರೆ ಅವನಿಗೆ ಹಬ್ಬ. ಬಟ್ಟೆಯೆಲ್ಲ ಹೆಪ್ಪುಗಟ್ಟಿ ಹಲಗೆಯಂತಾದರೂ ಹಿಂದೆಗೆಯುತ್ತಿರಲಿಲ್ಲ. 1892ರಲ್ಲಿ ಮದುವೆಯಾಯಿತು, ಒಬ್ಬ ಮಗ, ಮೂವರು ಹೆಣ್ಣುಮಕ್ಕಳು. ಹೆಂಡತಿ 1902ರಲ್ಲಿ ತೀರಿಕೊಂಡಳು. ಅಂದಿನಿಂದ ಮಕ್ಕಳು, ಜಮೀನು, ಪ್ರವಾಸ ಮತ್ತು ಬೆಟ್ಟ, ಇವೇ ಅವನ ಬದುಕಾದುವು.

ಅವನ ಒಂದು ಅಭ್ಯಾಸ ವಿಚಿತ್ರವಾದುದು. ಎಷ್ಟೋ ಬೆಟ್ಟಗಳನ್ನು ಅವನು ರಾತ್ರಿಯಲ್ಲಿ ಏರುತ್ತಿದ್ದನು. ಜೂನಿನಲ್ಲಿ ಅಲ್ಲಿ ಪೂರ್ಣ ಕತ್ತಲೆಯೇ ಆಗದೆ ನಡುರಾತ್ರಿಯಲ್ಲೂ ಬಡಗಣ ಆಕಾಶ ಬೆಳ್ಳಗಿರುತ್ತದೆಂಬುದು ನಿಜ. ಆದರೆ ಕಾರಣ ಅದೊಂದೇ ಅಲ್ಲ. ಆ ಬೆಟ್ಟಗಳಿಗೆಲ್ಲ ಒಡೆಯರಿದ್ದರು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಆ ಕಣಿವೆಗಳಲ್ಲಿ ಬಾಳುತ್ತಿದ್ದ ಒಕ್ಕಲುಗಳನ್ನು ಜಮೀನ್ದಾರರು ಕುರಿ ಸಾಕಣೆಗಾಗಿ ಒಕ್ಕಲೆಬ್ಬಿಸಿದ್ದರು. ಸಹಸ್ರಾರು ಕುಟುಂಬಗಳು ಹಡಗು ಹತ್ತಿ ಕೆನಡಕ್ಕೂ ಇನ್ನಿತರ ದೇಶಗಳಿಗೂ ಹೋಗಬೇಕಾಯಿತು. ಇಂದು ನಡೆವವನು ನಿರ್ಜನವೆಂದು ಮೆಚ್ಚುವ ಕಣಿವೆಗಳಲ್ಲಿ ಕುಸಿದ ಗೋಡೆಗಳು ಹುಲ್ಲಿನಡಿಯಲ್ಲಿ ಬಿದ್ದಿವೆ. ಹೊಟ್ಟೆಪಾಡಿಗೆ ಊರು ಬಿಟ್ಟುಬಂದವರಿಗೆ ಈ ಮಾತಿನ ಭಾರ ತಿಳಿದೀತು. ತರುವಾಯ ಅದೇ ನೆಲವು ಧನಿಕರ ಜಿಂಕೆ ಬೇಟೆಯ ಕಾಡಾಯಿತು. ಬೇಟೆಯ ಕಾಲದಲ್ಲಿ ಹಗಲು ಹೋದವನನ್ನು ಕಾವಲುಗಾರರು ತಡೆಯುತ್ತಿದ್ದರು. ಬೆಟ್ಟಗಳಿಗೆ ಸಾರ್ವಜನಿಕರಿಗೆ ಪ್ರವೇಶವಿರಬೇಕೆಂದು ಜೇಮ್ಸ್ ಬ್ರೈಸ್ ಎಂಬ ಪಾರ್ಲಿಮೆಂಟ್ ಸದಸ್ಯನು 1884ರಲ್ಲಿ ಮಸೂದೆ ತಂದನು, ಅದು ಅಂಗೀಕಾರವಾಗಲಿಲ್ಲ, ಮತ್ತೆ ಮತ್ತೆ ತಂದರೂ ಆಗಲಿಲ್ಲ. ಮನ್ರೋವಿನ ಊರಿಗೆ ಹೆಚ್ಚು ದೂರವಲ್ಲದ ಗ್ಲೆನ್ ಡಾಲ್ ಕಣಿವೆಯ ಕಾಲುದಾರಿಯೊಂದರ ವ್ಯಾಜ್ಯ ಪ್ರಭುಸಭೆಯವರೆಗೂ ಹೋಗಿ, 1888ರಲ್ಲಿ ದಾರಿ ಜನರದೆಂದು ತೀರ್ಪಾಯಿತು.

ಇಲ್ಲಿ ಮನ್ರೋವಿನ ಸ್ಥಿತಿಯನ್ನು ನೋಡಿರಿ. ತಾನೇ ಜಮೀನ್ದಾರ, ತನ್ನ ವರ್ಗದವರ ಬೇಟೆಗೆ ಭಂಗ ತರಲು ಮನಸ್ಸೊಪ್ಪದು. ಬೆಟ್ಟವನ್ನು ಬಿಡಲೂ ಮನಸ್ಸೊಪ್ಪದು. ಆದುದರಿಂದ ಜಿಂಕೆಗಳೂ ಕಾವಲುಗಾರರೂ ಎಚ್ಚರಗೊಳ್ಳುವ ಮುನ್ನವೇ ಇರುಳಿನಲ್ಲಿ ಹೋಗಿ ಬರುತ್ತಿದ್ದನು. ಬ್ರೈಸನ ಧೈರ್ಯ ಇವನಲ್ಲಿರಲಿಲ್ಲವೆಂದು ನಾವು ಹೇಳಲೇಬೇಕು. ಆದರೂ ಬಿರುದಾಂಕಿತ ಮನೆತನದ ಒಬ್ಬ ಗಂಡಸು ಕಳ್ಳನಂತೆ ಕತ್ತಲಲ್ಲಿ ಬೆಟ್ಟ ಏರಬೇಕಾಯಿತೆಂದರೆ, ಆ ಬೆಟ್ಟಗಳು ಬಡವರಿಗೆ ಎಷ್ಟು ದೂರವಿದ್ದಿರಬೇಕು!

ಆ ದೂರವನ್ನು ಮುಂದೆ ಬಡವರೇ ಕಡಿದುಕೊಂಡರು. ಮನ್ರೋ ತೀರಿಕೊಂಡು ಹತ್ತು ಹನ್ನೆರಡು ವರ್ಷಗಳ ಮೇಲೆ ಗ್ಲಾಸ್ಗೋ ಸುತ್ತಿನ ಹಡಗು ಕಟ್ಟುವ ಕಾರ್ಖಾನೆಗಳಲ್ಲಿ ಕೆಲಸ ನಿಂತಿತು. ಕ್ಲೈಡ್‌ಬ್ಯಾಂಕಿನಲ್ಲಿ ಕಟ್ಟುತ್ತಿದ್ದ ಒಂದು ಮಹಾನೌಕೆಯ ಕೆಲಸವೇ 1931ರ ಡಿಸೆಂಬರಿನಿಂದ 1934ರ ಏಪ್ರಿಲಿನವರೆಗೆ ನಿಂತುಹೋಯಿತು. ಅದೇ ಮುಂದೆ ಕ್ವೀನ್ ಮೇರಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಹಡಗು. ಕೈಯಲ್ಲಿ ಕೆಲಸವಿಲ್ಲದ ತರುಣರೂ, ವಾರಕ್ಕೊಂದೇ ರಜವಿದ್ದ ತರುಣರೂ ಬೆಟ್ಟದ ಕಡೆಗೆ ಕಾಲುಹಾಕಿದರು. ಶನಿವಾರ ಕೆಲಸ ಮುಗಿಸಿ ಹೊರಟು, ಕ್ರೇಗಾಲಿಯನ್ ಕೊಳದ ಬಳಿ ಸದಾ ಉರಿಯುತ್ತಿದ್ದ ಬೆಂಕಿಯ ಸುತ್ತ ಕುಳಿತು, ಡಬ್ಬಿಯಲ್ಲಿ ಚಹ ಕಾಯಿಸಿಕೊಂಡು, ಬಂಡೆಗಳ ಸಂದಿನಲ್ಲಿ ಮಲಗಿ, ಭಾನುವಾರ ಶಿಖರವೇರಿ, ಸೋಮವಾರ ಬೆಳಗ್ಗೆ ಯಂತ್ರದ ಮುಂದೆ ನಿಲ್ಲುತ್ತಿದ್ದರು. ಜಾಕ್ ನಿಮ್ಲಿನ್ ಎಂಬವನು ಹಡಗುಕಟ್ಟೆಯಲ್ಲಿ ಕ್ರೇನು ನಡೆಸುವವನು. ಟಾಮ್ ವಿಯರ್ ಎಂಬವನು ಸಹಕಾರ ಸಂಘದ ದಿನಸಿ ಅಂಗಡಿಯಲ್ಲಿ ಸಾಮಾನು ಕಟ್ಟುತ್ತಿದ್ದವನು. ಇಬ್ಬರೂ ಆ ನಾಡಿನ ಹೆಸರಾಂತ ಬೆಟ್ಟಗಾರರಾದರು. ವಿಯರ್ ಲೇಖಕನೂ ಆದನು. ಆ ಬೆಂಕಿ ಉರಿದ ಜಾಗದಲ್ಲಿ 2012ರಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿದ್ದಾರೆ. ಕಾನೂನು ಮಾತ್ರ ನಿಧಾನವಾಗಿಯೇ ಬಂದಿತು. ಬ್ರೈಸನ ಮಸೂದೆಯಿಂದ ನೂರ ಹತ್ತೊಂಬತ್ತು ವರ್ಷಗಳ ಮೇಲೆ, 2003ರಲ್ಲಿ, ಸ್ಕಾಟ್ಲೆಂಡಿನ ಪಾರ್ಲಿಮೆಂಟು ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗಾದರೂ ಬೆಟ್ಟಗಳಲ್ಲಿ ಓಡಾಡುವ ಹಕ್ಕನ್ನು ಕೊಟ್ಟಿತು. ಈಗ ಹಗಲಲ್ಲೇ ಹೋಗಬಹುದು.

ಪಟ್ಟಿಯನ್ನು ಮುದ್ರಿಸಿದೊಡನೆ ಜನರಿಗೆ ಎಲ್ಲವನ್ನೂ ಏರಿ ಮುಗಿಸುವ ಆಸೆ ಹುಟ್ಟಿದ್ದು ಸಹಜ. ಮೊದಲು ಮುಗಿಸಿದವನು ಎ. ಇ. ರಾಬರ್ಟ್‌ಸನ್ ಎಂಬ ಪಾದ್ರಿ. 1901ರಲ್ಲಿ ಗ್ಲೆನ್ ಕೋ ಕಣಿವೆಯ ಮೇಲಿನ ಮೆಯಲ್ ಜೆರಗ್ ಎಂಬ ಶಿಖರದಲ್ಲಿ ಅವನ ಪಟ್ಟಿ ಪೂರೈಸಿತು. ಮೊದಲು ಶಿಖರದ ಕಲ್ಲುರಾಶಿಗೆ ಮುತ್ತಿಟ್ಟು ಆಮೇಲೆ ಜೊತೆಗಿದ್ದ ಹೆಂಡತಿಗೆ ಮುತ್ತಿಟ್ಟನೆಂದು ಪ್ರತೀತಿ. ಪಾದ್ರಿಣಿಯು ಏನೆಂದುಕೊಂಡಳೋ ಕಾಣೆವು.

ಪಟ್ಟಿಯ ಕರ್ತನಿಗೇ ಎರಡು ಬೆಟ್ಟಗಳು ಉಳಿದಿದ್ದುವು. ಒಂದು, ಪಶ್ಚಿಮದ ಸ್ಕೈ ದ್ವೀಪದಲ್ಲಿ ಸ್ಗೂರ್ ಜೆರಗ್, ಎಂದರೆ ಕೆಂಪು ಕೋಡು, ಎಂಬ ಬೆಟ್ಟದ ನೆತ್ತಿಯಲ್ಲಿ ಈಟಿಯ ಅಲಗಿನಂತೆ ಎದ್ದು ನಿಂತಿರುವ ಕಲ್ಲಿನ ಗೋಡೆ. ಅದಕ್ಕೆ ಅಗಮ್ಯ ಶಿಖರವೆಂದೇ ಹೆಸರು. 986 ಮೀಟರು ಎತ್ತರದ ಅದರ ತುದಿಯನ್ನು 1880ರಲ್ಲಿ ಪಿಲ್ಕಿಂಗ್ಟನ್ ಸಹೋದರರು ಮೊದಲು ಮುಟ್ಟಿದರು. ಉಳಿದೆಲ್ಲ ಮನ್ರೋಗಳನ್ನು ಕಾಲುನಡಿಗೆಯಿಂದ, ಹೆಚ್ಚೆಂದರೆ ಕೈಯೂರಿ, ಏರಬಹುದು. ಇದಕ್ಕೆ ಮಾತ್ರ ಹಗ್ಗ ಬೇಕು, ಎರಡು ಕಡೆಯೂ ಪ್ರಪಾತ. ಸ್ವಾರಸ್ಯವೆಂದರೆ, ಪಕ್ಕದ ನೆಲಕ್ಕಿಂತ ಈ ಗೋಡೆ ಎತ್ತರವಾಗಿದ್ದರೂ ಮನ್ರೋ ತನ್ನ ಪಟ್ಟಿಯಲ್ಲಿ ನೆಲವನ್ನೇ ಬೆಟ್ಟವೆಂದೂ ಗೋಡೆಯನ್ನು ಬರಿಯ ನೆತ್ತಿಯೆಂದೂ ಬರೆದಿದ್ದನು. ಅವನು ಬಯಸಿದ್ದರೆ ಅಷ್ಟಕ್ಕೇ ತೃಪ್ತನಾಗಬಹುದಿತ್ತು. ಆಗಲಿಲ್ಲ. ಸ್ಕೈ ದ್ವೀಪಕ್ಕೆ ಹೋಗಿ ಬಂದರೂ ಹವೆ ಕೂಡಿಬರದೆ ಅದು ಉಳಿಯಿತು.

ಇನ್ನೊಂದು, ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ ಕಾರ್ನ್ ಕ್ಲೋಖ್-ವೂಲಿನ್. ಗೇಲಿಕ್ ಭಾಷೆಯಲ್ಲಿ ಅದಕ್ಕೆ ಬೀಸುವ ಕಲ್ಲಿನ ಗುಡ್ಡವೆಂದರ್ಥ. 942 ಮೀಟರು, ಸೌಮ್ಯವಾದ ಬೆಟ್ಟ, ಮಕ್ಕಳೂ ಮುದುಕರೂ ಏರಬಹುದಾದದ್ದು, ಅವನ ಮನೆಗೂ ದೂರವಲ್ಲ. ಅದನ್ನು ಬೇಕೆಂದೇ ಉಳಿಸಿಕೊಂಡಿದ್ದನು. ಎಲ್ಲವೂ ಮುಗಿದ ಮೇಲೆ ಗೆಳೆಯರನ್ನೆಲ್ಲ ಕರೆದೊಯ್ದು ಅಲ್ಲಿ ಮುಕ್ತಾಯದ ಸಂತೋಷಕೂಟ ನಡೆಸಬೇಕೆಂಬುದು ಅವನ ಆಸೆ. ಎಲೆಯ ಕೊನೆಯಲ್ಲಿ ಪಾಯಸವನ್ನು ಉಳಿಸಿಕೊಳ್ಳುವ ಮಕ್ಕಳಂತೆ.

ಅಷ್ಟರಲ್ಲಿ 1914ರ ಮಹಾಯುದ್ಧ ಬಂದಿತು. ವಯಸ್ಸು ಐವತ್ತೆಂಟಕ್ಕೆ ಸಮೀಪಿಸಿದ್ದರಿಂದ ಸೈನ್ಯಕ್ಕೆ ಸೇರುವಂತಿರಲಿಲ್ಲ. ರೆಡ್ ಕ್ರಾಸಿನ ಪರವಾಗಿ ಮಾಲ್ಟಾ ದ್ವೀಪಕ್ಕೆ ಹೋಗಿ, ಗಾಯಗೊಂಡವರ ಮತ್ತು ಕಾಣೆಯಾದವರ ವಿಚಾರಣೆಯ ಇಲಾಖೆಯಲ್ಲಿ ದುಡಿದನು. ಮತ್ತೆ ಪಟ್ಟಿಗಳು! ಈ ಸಾರಿಯ ಪಟ್ಟಿಯಲ್ಲಿದ್ದುವು ಮನುಷ್ಯರ ಹೆಸರುಗಳು. ಆರೋಗ್ಯ ಕೆಟ್ಟು ಊರಿಗೆ ಮರಳಿದನು. 1918ರಲ್ಲಿ ಮತ್ತೆ ಹೊರಟು, ಫ್ರಾನ್ಸಿನ ದಕ್ಷಿಣದಲ್ಲಿರುವ ತಾರಾಸ್ಕಾನ್ ಎಂಬ ಊರಿನಲ್ಲಿ ಫ್ರೆಂಚ್ ಸೈನಿಕರಿಗಾಗಿ ಒಂದು ಕ್ಯಾಂಟೀನನ್ನು ತೆರೆದನು. ಹೆಣ್ಣುಮಕ್ಕಳೂ ಅಲ್ಲಿ ಅವನೊಂದಿಗೆ ದುಡಿದರು. ದಣಿದು ಬಂದವರಿಗೆ ಬಿಸಿಯಾದುದನ್ನು ಕೊಟ್ಟು ಕಳುಹಿಸುವ ಕೆಲಸ ಎಂತಹುದೆಂದು ಈ ಪತ್ರಿಕೆಯ ವಾಚಕರಿಗಿಂತ ಬಲ್ಲವರು ಯಾರು? ಬ್ಯಾರೊನೆಟ್ ಬಿರುದಿನವನು, ಗವರ್ನರನ ಮೊಮ್ಮಗನು, ತನ್ನ ಕೊನೆಯ ಚಳಿಗಾಲವನ್ನು ಆ ಕೆಲಸದಲ್ಲಿ ಕಳೆದನು. ಅಲ್ಲಿಯೇ ಶೀತ ಹತ್ತಿ, ಅದು ನ್ಯುಮೋನಿಯಕ್ಕೆ ತಿರುಗಿ, 1919ನೆಯ ಮಾರ್ಚ್ ತಿಂಗಳಲ್ಲಿ, ತನ್ನ 63ನೆಯ ವರ್ಷದಲ್ಲಿ, ತೀರಿಕೊಂಡನು. ಅಗಮ್ಯ ಶಿಖರವೂ ಬೀಸುವ ಕಲ್ಲಿನ ಗುಡ್ಡವೂ ಹಾಗೆಯೇ ಉಳಿದುವು.

ಅವನು ತಿದ್ದುತ್ತ ಇಟ್ಟಿದ್ದ ಟಿಪ್ಪಣಿಗಳನ್ನಾಧರಿಸಿ ಪಟ್ಟಿಯ ಪರಿಷ್ಕೃತ ಮುದ್ರಣವು 1921ರಲ್ಲಿ ಹೊರಟಿತು. ಆ ಮೇಲೆ ಸಂಘವು ಹೊಸ ಅಳತೆಗಳು ಬಂದಂತೆಲ್ಲ ಕೆಲವನ್ನು ಸೇರಿಸಿ ಕೆಲವನ್ನು ತೆಗೆಯುತ್ತ ಬಂದಿದೆ. 2012ರ ತಿದ್ದುಪಡಿಯ ಮೇಲೆ ಸಂಖ್ಯೆ 282ಕ್ಕೆ ನಿಂತಿದೆ. 1923ರವರೆಗೆ ಎರಡನೆಯವನೊಬ್ಬನು ಪಟ್ಟಿಯನ್ನು ಮುಗಿಸಿರಲಿಲ್ಲ. 1974ರಲ್ಲಿ ಹಾಮಿಷ್ ಬ್ರೌನ್ ಎಂಬವನು ಎಲ್ಲವನ್ನೂ ಒಂದೇ ಯಾತ್ರೆಯಲ್ಲಿ 112 ದಿನಗಳಲ್ಲಿ ಏರಿದನು. ಈಗ ಮುಗಿಸಿದೆವೆಂದು ಸಂಘದಲ್ಲಿ ಹೆಸರು ಬರೆಯಿಸಿದವರ ಸಂಖ್ಯೆ ಏಳು ಸಾವಿರವನ್ನು ಮೀರಿದೆ. ಅವರಲ್ಲಿ ಎಷ್ಟೋ ಮಂದಿ ವಾರದ ರಜೆಯೊಂದನ್ನೇ ನೆಚ್ಚಿ, ಇಪ್ಪತ್ತು ಮೂವತ್ತು ವರ್ಷ ಹಿಡಿದು ಮುಗಿಸಿದವರು.

ಮನ್ರೋವಿಗೆ ಉಳಿದ ಎರಡರಲ್ಲಿ ಅಗಮ್ಯ ಶಿಖರಕ್ಕೆ 1921ರ ಪಟ್ಟಿಯಲ್ಲಿ ಬೆಟ್ಟದ ಪದವಿ ದೊರೆಯಿತು. ಮುಗಿಸಬೇಕೆನ್ನುವವರೆಲ್ಲ ಈಗ ಅದನ್ನು ಏರಲೇಬೇಕು. ಹಗ್ಗದ ವಿದ್ಯೆಯರಿಯದವರು ಮಾರ್ಗದರ್ಶಕರಿಗೆ ಹಣ ಕೊಟ್ಟು ಏರುತ್ತಾರೆ. ಬೀಸುವ ಕಲ್ಲಿನ ಗುಡ್ಡದ ಗತಿ ಬೇರೆಯಾಯಿತು. ಪಕ್ಕದ ಬೆನ್ ವ್ರೊಟಾನ್ ಎಂಬ ದೊಡ್ಡ ಬೆಟ್ಟದ ಭುಜ ಮಾತ್ರವೆಂದು ತೀರ್ಮಾನಿಸಿ 1981ರಲ್ಲಿ ಅದನ್ನು ಬೆಟ್ಟಗಳ ಪಟ್ಟಿಯಿಂದ ತೆಗೆದು ನೆತ್ತಿಗಳ ಸಾಲಿಗೆ ಇಳಿಸಿದರು. ಬೆನ್ ವ್ರೊಟಾನಿಗೆ ದಕ್ಷಿಣದಿಂದ ಹೋಗುವವರು ಡೀ ನದಿಯ ಬಿಳಿ ಸೇತುವೆಯನ್ನು ದಾಟಿ ಅದರ ಮಗ್ಗುಲಲ್ಲೇ ಸಾಗಬೇಕು. ಲೆಕ್ಕಕ್ಕೆ ಸೇರದ ಗುಡ್ಡವೆಂದು ಹಲವರು ಬಳಸಿ ಹೋಗುತ್ತಾರೆ. ಮನ್ರೋವಿನ ಕಥೆ ತಿಳಿದವರು ಅರ್ಧ ಗಂಟೆ ಹೆಚ್ಚಾದರೂ ಸರಿಯೆಂದು ಅದರ ನೆತ್ತಿಯನ್ನು ಮುಟ್ಟಿ ಮುಂದೆ ನಡೆಯುತ್ತಾರೆ.